ಭಾವನ ಬ್ಯಾಟರಿ ನೋಡಿಕೊಂಡು ಬಂದದ್ದು

ತಿಪಟೂರು

ಕೆನಡಾಕ್ಕೆ ಹೋಗಿ ಬಂದವರು ಜಲಪಾತದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನಾನು ತಂದಿರುವುದು ಒಂದೇ ಫೋಟೋ. ಅದರಲ್ಲಿರುವುದು ಒಂದು ಬ್ಯಾಟರಿ. "ಇದನ್ನ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ಬಷೀರಣ್ಣನ ಅಂಗ್ಡಿ ಮುಂದೆ ಸಾಲಾಗಿ ಬಿದ್ದಿಲ್ವಾ?" ಎಂದು ನನ್ನ ಹೆಂಡತಿ ಕೇಳಿದಳು. ಆ ಬ್ಯಾಟರಿಯ ಪ್ರಾಣ ತೆಗೆದವನು ನಾನೇ ಎಂದು ಅವಳಿಗೆ ಹೇಳಲು ನನಗೆ ಎರಡು ವಾರ ಹಿಡಿಯಿತು. ಓದುಗರನ್ನು ಅಷ್ಟು ಕಾಯಿಸುವುದಿಲ್ಲ.

ನಮ್ಮ ಪಾರ್ವತಕ್ಕ ಹೊನ್ನವಳ್ಳಿಯಿಂದ ನರ್ಸ್ ಕೆಲಸಕ್ಕೆಂದು ಆ ದೇಶಕ್ಕೆ ಹೋಗಿ ಮೂವತ್ತೈದು ವರ್ಷ ದಾಟಿತು. ಭಾವ ಹಂದನಕೆರೆಯವರು. ಅಲ್ಲೊಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಮಕ್ಕಳಿಲ್ಲ. ಮಕ್ಕಳ ಜಾಗದಲ್ಲಿ ಒಂದು ಟ್ರೇಲರ್ ಇತ್ತು. ನಮ್ಮ ಕಡೆ ಟ್ರೇಲರ್ ಎಂದರೆ ಟ್ರಾಕ್ಟರಿನ ಹಿಂದೆ ಬೆಳಿಗ್ಗೆ ಗೊಬ್ಬರ, ಸಂಜೆ ಮದುವೆ ದಿಬ್ಬಣ ಹೊರುವ ವಸ್ತು. ಅವರ ಟ್ರೇಲರಿಗೆ ಬಾಗಿಲು, ಕಿಟಕಿ, ಮಂಚ, ಒಲೆ, ಬಚ್ಚಲು ಎಲ್ಲ ಇವೆ. ಬೇಸಿಗೆಯಲ್ಲಿ ಅದನ್ನು ಗಾಡಿಗೆ ಸಿಕ್ಕಿಸಿಕೊಂಡು ಕಾಡಿನ ನಡುವಿನ ಒಂದು ಕೆರೆಯ ದಡಕ್ಕೆ ಹೋಗಿ, ಸೊಳ್ಳೆಗಳಿಗೆ ರಕ್ತದಾನ ಮಾಡಿ ಬರುವುದಕ್ಕೆ ಅಲ್ಲಿ ರಜೆ ಎನ್ನುತ್ತಾರೆ. ಹೋದ ಅಕ್ಟೋಬರಿನಲ್ಲಿ ಟ್ರೇಲರನ್ನು ಚಳಿಗಾಲಕ್ಕೆಂದು ನಿಲ್ಲಿಸಿ ಬಂದ ಹತ್ತನೆಯ ದಿನ ಭಾವ ತೀರಿಕೊಂಡರು.

ಫೆಬ್ರವರಿಯಲ್ಲಿ ಅಕ್ಕ ಫೋನು ಮಾಡಿದಳು. "ಮೇ ತಿಂಗ್ಳಲ್ಲಿ ಟ್ರೇಲರ್ ತಗಂಡು ಕೆರೆ ಹತ್ರ ಹೋಗ್ತೀನಿ. ಎರಡು ರಾತ್ರಿ ಅಲ್ಲೇ ಮಲಗಿ ಬಂದು, ಆಮೇಲೆ ಅದನ್ನ ಯಾರಿಗಾದ್ರೂ ಕೊಟ್ಬುಡ್ತೀನಿ. ಒಬ್ಳಿಗೇ ಆಗಲ್ಲ. ನೀನು ಈಗ್ಲೇ ಬಂದು ಅಲ್ಲೀವರ್ಗೂ ನನ್ ಜೊತೆ ಇರು."

ಅಕ್ಕನಿಗೊಂದು ತೊಂದರೆ ಇದೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಮೂಗಿಗೆ ಕಟ್ಟಿಕೊಳ್ಳುವ ಯಂತ್ರವೊಂದು ರಾತ್ರಿಯಿಡೀ ಗಾಳಿ ಊದಬೇಕು. ಕೆರೆಯ ಬಳಿ ಕರೆಂಟಿಲ್ಲ. ಟ್ರೇಲರಿನ ತಾರಸಿಯ ಸೋಲಾರು, ಅದು ತುಂಬಿಸುವ ಬ್ಯಾಟರಿ, ಇವೇ ಗತಿ. ಬ್ಯಾಟರಿ ಇದ್ದರೆ ಅಕ್ಕನಿಗೆ ಕೆರೆ ಉಂಟು, ಇಲ್ಲದಿದ್ದರೆ ಇಲ್ಲ.

ಬ್ಯಾಟರಿ ವಿಷಯದಲ್ಲಿ ನನಗೆ ಗುರು ಬಷೀರ. ಹೈಸ್ಕೂಲಿನಿಂದ ಜೊತೆಗಾರ. ತಿಪಟೂರಿನಲ್ಲಿ ಅವನ ಬ್ಯಾಟರಿ ಅಂಗಡಿಗೆ ನಲವತ್ತು ವರ್ಷವಾಯಿತು. ಫೆಬ್ರವರಿ ಕೊನೆಗೆ, ಹೊರಡುವ ಹಿಂದಿನ ದಿನ, ಉಪದೇಶ ಪಡೆಯಲು ಹೋದೆ.

"ಬ್ಯಾಟ್ರಿ ಅಂದ್ರೆ ಹಸು ಇದ್ದಂಗೆ ಕಣ್ಲಾ. ಅರೆಹೊಟ್ಟೇಲಿ ಕಟ್ಟಾಕಿದ್ರೆ ಮತ್ತೆ ಏಳಲ್ಲ. ನಿಂತಿರೋ ಗಾಡಿ ಬ್ಯಾಟ್ರೀನ ಯಾವತ್ತೂ ಫುಲ್ ಮಾಡಿ ಇಡ್ಬೇಕು."

"ಇಡದಿದ್ರೆ?"

"ಅಗೋ," ಎಂದು ಅಂಗಡಿಯ ಮುಂದೆ ಬಿದ್ದಿದ್ದ ಹಳೆಯ ಬ್ಯಾಟರಿಗಳ ಕಡೆ ಕೈ ತೋರಿಸಿದ. "ಎಲ್ಲಾ ಹಂಗೇ ಸತ್ತಿರೋವು."

ಆ ಹುತಾತ್ಮರ ಸಾಲಿಗೆ ಮನಸ್ಸಿನಲ್ಲೇ ಕೈಮುಗಿದು ಹೊರಟೆ.

ವಿಮಾನ ನಿಲ್ದಾಣ

ಅಕ್ಕನಿಗೆಂದು ಅಟ್ಟದಿಂದ ಇಳಿಸಿದ ಆರು ಕಾಯಿ ಒಯ್ದಿದ್ದೆ. ನಮ್ಮ ಕಡೆಯ ಉಂಡೆ ಕೊಬ್ಬರಿಯ ಕೆಲಸ ಬಹುಪಾಲು ಸುಮ್ಮನಿರುವ ಕೆಲಸ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗಬಾರದು. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ. ಆಗ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಹುಡುಗನಾಗಿದ್ದಾಗ ನನಗೆ ಈ ಸುಮ್ಮನಿರುವುದು ಸಾಧ್ಯವಾಗಲೇ ಇಲ್ಲ. ವಾರಕ್ಕೊಮ್ಮೆ ಅಟ್ಟ ಹತ್ತಿ, ಒಂದೊಂದೇ ಕಾಯಿ ಅಲ್ಲಾಡಿಸಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದೆ. ಏಣಿಯ ಬುಡದಲ್ಲಿ ಅವ್ವ ಕೋಲು ಹಿಡಿದು ನಿಂತಿರುತ್ತಿದ್ದಳು. "ಒಳಗೆ ನೀರದೆ ಅಂದ್ರೆ ಅದರ ಕಾಲ ಬಂದಿಲ್ಲ ಅಂತ. ಬುಡೋ ಅದನ್ನ!"

ಕೆನಡಾದಲ್ಲಿ ಇಳಿದಾಗ ಕಸ್ಟಮ್ಸಿನ ಹೆಣ್ಣುಮಗಳೊಬ್ಬಳು ಕಾಯಿ ಎತ್ತಿದಳು. ಗಡಗಡ. ಇನ್ನೊಬ್ಬನನ್ನು ಕರೆದಳು. ಅವನೂ ಅಲ್ಲಾಡಿಸಿ ಕೇಳಿದ. ಮೂರನೆಯವನು ಕನ್ನಡಕ ಹಾಕಿಕೊಂಡು ಬಂದು ಅಲ್ಲಾಡಿಸಿದ. ತಿಪಟೂರಿನ ಮಂಡಿಯಲ್ಲೂ ಒಂದು ಕಾಯಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಸದ್ದು ಬರುವುದೇ ಅದರ ಯೋಗ್ಯತೆ ಎಂದು ವಿವರಿಸಿದೆ. ಸದ್ದು ಬರುವ ವಸ್ತುಗಳ ಬಗ್ಗೆ ವಿಮಾನ ನಿಲ್ದಾಣದವರಿಗೆ ಬೇರೆ ಅಭಿಪ್ರಾಯವಿದೆ. ಆರೂ ಕಾಯಿ ಕಸದ ತೊಟ್ಟಿಗೆ ಹೋದವು. ಹೊರಗೆ ಕಾಯುತ್ತಿದ್ದ ಅಕ್ಕ ನನ್ನನ್ನು ನೋಡುವ ಮೊದಲು ಚೀಲ ನೋಡಿದಳು. "ಒಂದಾದ್ರೂ ಬುಡ್ಲಿಲ್ವೇನೋ?"

ಅಕ್ಕನ ಮನೆ

ಆ ಊರಿನ ಚಳಿಯನ್ನು ವರ್ಣಿಸಲು ಹೋಗುವುದಿಲ್ಲ. ಚಿಕ್ಕನಾಯಕನಹಳ್ಳಿಯ ಕಡೆ ಡಿಸೆಂಬರಿನಲ್ಲಿ ಕುರಿ ಕಾಯುವವರು ಕಂಬಳಿ ಹೊದ್ದು ಚಳಿ ಚಳಿ ಎನ್ನುತ್ತಾರಲ್ಲ, ಅವರು ಇಷ್ಟು ದಿನ ನಮಗೆ ಸುಳ್ಳು ಹೇಳುತ್ತಿದ್ದರು ಎಂದಷ್ಟೇ ಹೇಳಬಲ್ಲೆ. ಮೂಗಿನೊಳಗಿನ ಕೂದಲು ಸೆಟೆದು ನಿಲ್ಲುವ ಸದ್ದು ನನಗೇ ಕೇಳಿಸುತ್ತಿತ್ತು.

ಮನೆಯ ತುಂಬ ಭಾವನ ಅಕ್ಷರ. ಡಬ್ಬಿ, ಬೀಗದ ಕೈ, ಫ್ಯೂಸು, ಎಲ್ಲದರ ಮೇಲೂ ಅಂಟುಪಟ್ಟಿ ಹಚ್ಚಿ ಕನ್ನಡದಲ್ಲಿ ಬರೆದಿದ್ದರು. 'ಮೆಂತ್ಯ'. 'ಹಿಂಬಾಗಿಲು'. 'ಇದು ಗೊತ್ತಿಲ್ಲ, ಎಸೆಯಬೇಡ'. ಬಚ್ಚಲಿನ ನಲ್ಲಿಯ ಮೇಲೆ 'ನಿಧಾನ' ಎಂದಿತ್ತು. ಅಕ್ಕ ಯಾವುದನ್ನೂ ಕಿತ್ತಿರಲಿಲ್ಲ.

ಅಕ್ಕನಿಗೆ ಮಂಡಿನೋವು. ಹಿಮದ ಮೇಲೆ ನಡೆಯುವ ಹಾಗಿಲ್ಲ. ಟ್ರೇಲರುಗಳನ್ನು ನಿಲ್ಲಿಸುವ ಬಯಲು ಊರಾಚೆ ಇತ್ತು. ಮೂರನೆಯ ದಿನ ಬೀಗದ ಕೈ ಕೊಟ್ಟು, "ಬಸ್ಸಲ್ಲಿ ಹೋಗಿ ಒಂದ್ಸಲ ನೋಡ್ಕಂಡು ಬಾ ಕಣಪ್ಪ. ಅಕ್ಟೋಬರಿಂದ ಯಾರೂ ಹೋಗಿಲ್ಲ," ಎಂದಳು.

ಇಲ್ಲಿ ನಮ್ಮ ಭಾಷೆಯ ಮೇಲೆ ಒಂದು ದೂರು ದಾಖಲಿಸಬೇಕು. 'ನೋಡ್ಕಂಡು ಬಾ' ಎಂದರೆ ಕಣ್ಣಲ್ಲಿ ನೋಡಿ ಬಾ. 'ನೋಡ್ಕೋ' ಎಂದರೆ ಅದರ ಯೋಗಕ್ಷೇಮ ನಿನ್ನ ತಲೆಯ ಮೇಲೆ. ಎರಡರ ನಡುವೆ ಇರುವುದು ಗೇಣುದ್ದದ ದಾರಿ. ನಾನು ಬಸ್ಸಿನಲ್ಲಿ ಕೂತು ಆ ದಾರಿಯನ್ನು ಯಾರಿಗೂ ಹೇಳದೆ ದಾಟಿಬಿಟ್ಟೆ.

ಬಯಲು

ಇನ್ನೂರು ಟ್ರೇಲರುಗಳು ಹಿಮ ಹೊದ್ದು, ಯಾವುದೋ ಮಠದಲ್ಲಿ ಸಾಮೂಹಿಕ ಧ್ಯಾನಕ್ಕೆ ಕೂತ ಹಾಗಿದ್ದವು. ಗೇಟಿನ ಬಳಿಯ ಸಣ್ಣ ಕೋಣೆಯಲ್ಲಿ ಗ್ಲೆನ್ ಎಂಬ ಮುದುಕ ಕಾವಲಿದ್ದ. ಆ ದೇಶದ ಜನ ಚಳಿಯಲ್ಲಿ ನಿಂತು ಚಳಿಯ ಬಗ್ಗೆಯೇ ಮಾತಾಡುತ್ತಾರೆ. "ಇವತ್ತು ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ," ಎಂದು ಗ್ಲೆನ್ ತನ್ನ ಮನೆಯ ಮಗು ತರಗತಿಗೆ ಮೊದಲು ಬಂದಂತೆ ಹೇಳಿದ.

ಟ್ರೇಲರ್ ಒಳಗೆ ಎಲ್ಲ ಒಪ್ಪವಾಗಿತ್ತು. ಕೊಳವೆಗಳು ಹೆಪ್ಪುಗಟ್ಟಿ ಒಡೆಯದಿರಲೆಂದು ಭಾವ ನೀರನ್ನೆಲ್ಲ ಬಸಿದಿದ್ದರು. ಹಾಸಿಗೆ ಸುತ್ತಿಟ್ಟಿದ್ದರು. ಮಂಚದ ಕೆಳಗೆ ಬ್ಯಾಟರಿ. ಬಷೀರನ ಬ್ಯಾಟರಿಗಳಂತೆ ಕರಿ ಡಬ್ಬಿಯೇ, ಆದರೆ ನೀರು ಹಾಕುವ ಮುಚ್ಚಳಗಳಿಲ್ಲ. ಗೋಡೆಯ ಮೇಲೊಂದು ಚಿಕ್ಕ ಪರದೆ. ಗುಂಡಿ ಒತ್ತಿದರೆ ನೂರಕ್ಕೆ ಐವತ್ತೆರಡು ಎಂದಿತು. ಪಕ್ಕದಲ್ಲಿ ಸೋಲಾರಿನ ಸ್ವಿಚ್ಚು, ಆರಿಸಿತ್ತು. ಅದರ ಮೇಲೆ ಅಂಟುಪಟ್ಟಿ. ಭಾವನ ಅಕ್ಷರದಲ್ಲಿ ಒಂದೇ ಮಾತು: 'ಅರ್ಧ'.

ಪಾಪ, ಅರ್ಧ ತುಂಬಿಸುವಷ್ಟರಲ್ಲಿ ಮೈಯಲ್ಲಿ ಆಗದೆ ಹೋಗಿದ್ದಾರೆ. ಉಳಿದರ್ಧ ನಾಳೆ ಎಂದುಕೊಂಡಿದ್ದಾರೆ. ಬಷೀರನ ಹಸು ಅರೆಹೊಟ್ಟೆಯಲ್ಲಿ ಕಟ್ಟಿಹಾಕಿಸಿಕೊಂಡು ನಾಲ್ಕು ತಿಂಗಳಿಂದ ನಿಂತಿದೆ.

ಹಿಂಬದಿಯ ಏಣಿ ಹತ್ತಿದೆ. ಸೋಲಾರು ಹಲಗೆಗೆ ಕರಿ ಟಾರ್ಪಾಲು ಹೊದಿಸಿ, ತೆಂಗಿನ ನಾರಿನ ಹಗ್ಗದಿಂದ ಕಟ್ಟಿತ್ತು. ಕಾಯಿ ಗೊನೆ ಇಳಿಸುವಾಗ ಹಾಕುವ ಗಂಟು. ಹಂದನಕೆರೆ ಬಿಟ್ಟು ಮೂವತ್ತೈದು ವರ್ಷವಾದರೂ ಭಾವನ ಕೈ ಆ ಗಂಟು ಬಿಟ್ಟಿರಲಿಲ್ಲ. ಅದನ್ನು ಬಿಚ್ಚಲು ನನಗೆ ಅರ್ಧ ಗಂಟೆ ಹಿಡಿಯಿತು. ಇಷ್ಟು ಬಿಗಿಯಾಗಿ ಕಟ್ಟಿದವನಿಗೆ ಏನಾದರೂ ಕಾರಣವಿದ್ದೀತು ಎಂದು ಆ ಅರ್ಧ ಗಂಟೆಯಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಇಳಿದು ಬಂದು ಸ್ವಿಚ್ಚು ಹಾಕಿದೆ. ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುವಂತಿತ್ತು. ನೋಡುತ್ತಿದ್ದಂತೆ ಐವತ್ತೆರಡು ಐವತ್ಮೂರಾಯಿತು.

ಮತ್ತೆ ಬಯಲು

ಆಮೇಲೆ ವಾರಕ್ಕೆರಡು ಸಲ ಹೋದೆ. ಹಿಮ ಬಿದ್ದು ಸೋಲಾರು ಮುಚ್ಚಿಕೊಳ್ಳುತ್ತಿತ್ತು, ಗುಡಿಸಬೇಕಿತ್ತು. ಅಕ್ಕ ಊರಿಂದ ತಂದಿಟ್ಟುಕೊಂಡಿದ್ದ ತೆಂಗಿನ ಕಡ್ಡಿ ಪೊರಕೆ ಇತ್ತು, ಟ್ರೇಲರಿನ ಹಿಮ ಗುಡಿಸಿ ಬರುತ್ತೇನೆ ಎಂದಷ್ಟೇ ಅಕ್ಕನಿಗೆ ಹೇಳಿ ಅದನ್ನು ಹಿಡಿದು ಬಸ್ಸು ಹತ್ತುತ್ತಿದ್ದೆ. ತಿಪಟೂರಿನ ಬಸ್ಸಿನಲ್ಲಿ ಹೀಗೆ ಹೋಗಿದ್ದರೆ ಹೊನ್ನವಳ್ಳಿ ತಲುಪುವ ಮುಂಚೆ ಐದು ಜನ ಕಾರಣ ಕೇಳಿ, ಇಬ್ಬರು ಪೊರಕೆಯ ಗುಣ ದೋಷ ಹೇಳಿರುತ್ತಿದ್ದರು. ಅಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ನೋಡಿ, ನೋಡದವರಂತೆ ಮುಖ ತಿರುಗಿಸಿಕೊಂಡರು. ಬೇರೆಯವರ ತಂಟೆಗೆ ಹೋಗದಿರುವುದು ಅವರ ಧರ್ಮ. ಒಬ್ಬನಾದರೂ ಅಧರ್ಮಿ ಸಿಕ್ಕಿ, "ಎಲ್ಲಿಗೆ ಅಜ್ಜ ಪೊರಕೆ ಹಿಡ್ಕೊಂಡು?" ಎಂದು ಕೇಳಿದ್ದರೆ ಈ ಕಥೆ ಬೇರೆಯಾಗುತ್ತಿತ್ತು.

ಗ್ಲೆನ್ ಕೂಡ ದೂರದಿಂದ ಕೈಯೆತ್ತಿ ಸುಮ್ಮನಾಗುತ್ತಿದ್ದ. ಎರಡು ವಾರದಲ್ಲಿ ಪರದೆಯ ಮೇಲೆ ನೂರು ಬಂತು. ಅಂದು ನಾನು ಭಾವನ ಅಂಟುಪಟ್ಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಸತ್ತವರ ಬಾಕಿ ಕೆಲಸ ಪೂರೈಸಿದವನಿಗೆ ಒಂದು ನಡಿಗೆ ಬರುತ್ತದೆ. ಆ ನಡಿಗೆಯಲ್ಲೇ ಬಸ್ಸು ಹತ್ತಿದೆ.

ಅಡಿಗೆಮನೆ

ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು.

"ನಿಮ್ ಭಾವಂಗೆ ಆ ಬ್ಯಾಟ್ರಿ ಅಂದ್ರೆ ಪ್ರಾಣ. ಕೊನೇ ಸಲ ಕೆರೆ ಹತ್ರ ಹೋದಾಗ ಎರಡು ದಿನ ಮೋಡ. ಮೂರನೇ ದಿನ ಬಿಸ್ಲು ಬಂತು ನೋಡು, ಟ್ರೇಲರ್ನ ಆ ಕಡೆ ಎಳ್ದು, ಈ ಕಡೆ ಎಳ್ದು, ಬಿಸ್ಲು ಹಿಡಿದ್ರು. ಸರಿಯಾಗಿ ಅರ್ಧ ಆದ್ಮೇಲೆ ಆರ್ಸಿದ್ರು. ಚಳೀಗೆ ಅರ್ಧವೇ ಇರ್ಬೇಕಂತೆ, ಜಾಸ್ತಿ ಇರಬಾರದಂತೆ. 'ಇಷ್ಟು ನಿಂಗೆ ಎರಡು ರಾತ್ರಿಗೆ ಸಾಕು ಕಣೇ' ಅಂದ್ರು. ಅವರು ತುಂಬ್ಸಿಟ್ಟಿದ್ದು ಅದೊಂದೇ ಉಳಿದಿರೋದು. ಅದ್ರಲ್ಲೇ ಮಲಗಿ ಬತ್ತೀನಿ."

ರೊಟ್ಟಿ ಹೆಂಚಿಗೆ ಬಿತ್ತು. ನನ್ನ ಜೇಬಿನಲ್ಲಿ ಅಂಟುಪಟ್ಟಿ ಇತ್ತು.

"ಹೋದಾಗೆಲ್ಲ ನೋಡ್ತಿದ್ದೀಯಲ್ಲ, ಸರಿಯಾಗದೆ ತಾನೆ?"

"ಸರಿಯಾಗಿದೆ ಅಕ್ಕ," ಎಂದೆ. ಅಂಕಿಯ ಲೆಕ್ಕದಲ್ಲಿ ನೋಡಿದರೆ ಸರಿಯಾಗಿರುವುದರ ಇಮ್ಮಡಿ ಇತ್ತು.

ಅಂದೇ ಬಯಲಿಗೆ ಓಡಿದೆ. ಗ್ಲೆನ್ ತನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ. ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಆ ಚಳಿಯಲ್ಲಿ ತುಂಬಿಸಿದಿರಾ?"

"ಬಿಸಿಲಿತ್ತು," ಎಂದೆ.

"ಬಿಸಿಲಿತ್ತು, ಸರಿ. ಬ್ಯಾಟರಿ ಮರಗಟ್ಟಿತ್ತಲ್ಲ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗಿದ್ದಾಗ ತುಂಬಿಸಬಾರದು. ಪರದೆ ನೂರು ತೋರಿಸುತ್ತಲೇ ಇರುತ್ತದೆ, ಒಳಗೇ ಹಾಳಾಗುತ್ತದೆ. ಈಗಿನ ಹೊಸವು ಚಳಿಯಾದರೆ ತಾವೇ ಬಾಗಿಲು ಹಾಕಿಕೊಳ್ಳುತ್ತವೆ. ಆದರೆ ನಿಮ್ಮ ಭಾವನದು ಹಳೆಯದು. ಅದಕ್ಕೇ ಅವರು ಸ್ವಿಚ್ಚೂ ಆರಿಸಿ, ಮೇಲೆ ಟಾರ್ಪಾಲೂ ಕಟ್ಟುತ್ತಿದ್ದರು." ಲೋಟ ಮತ್ತೆ ಎತ್ತಿಕೊಂಡು ಹೇಳಿದ, "ಪೊರಕೆ ಹಿಡಿದು ಹತ್ತುವುದನ್ನು ನೋಡಿದ್ದೆ. ನಿಮ್ಮ ಕಡೆಯ ಏನೋ ಶಾಸ್ತ್ರ ಇರಬೇಕು ಅಂದುಕೊಂಡೆ."

ಟ್ರೇಲರಿಗೆ ಹೋಗಿ ಸ್ವಿಚ್ಚು ಆರಿಸಿ, ಅಲ್ಲಿಂದಲೇ ಬಷೀರನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವನು ಕೂಗಿದ್ದು ತುರುವೇಕೆರೆಯವರೆಗೆ ಕೇಳಿಸಿರಬೇಕು. "ಲೇ, ನಾನ್ ಹೇಳಿದ್ದು ಆಸಿಡ್ ಬ್ಯಾಟ್ರೀಗೆ ಕಣ್ಲಾ! ಲಿಥಿಯಂ ಅಂತ ಒಂದ್ ಮಾತು ಬಾಯಿ ಬಿಟ್ಯಾ ನೀನು?"

"ಬ್ಯಾಟ್ರಿ ಅಂದ್ಮೇಲೆ ಬ್ಯಾಟ್ರಿ ತಾನೆ?"

"ಗಂಡಸು ಅಂದ್ಮೇಲೆ ಗಂಡಸು ತಾನೆ ಅಂತ ನಿನ್ನ ಪೈಲ್ವಾನ್ ಜೊತೆ ಕುಸ್ತಿಗೆ ಬುಡ್ಲಾ?" ಆಮೇಲೆ ಅವನ ದನಿ ಇಳಿಯಿತು. "ಅಕ್ಕಂಗೆ ಹೇಳ್ದಾ?"

"ಇಲ್ಲ."

"ಹೇಳ್ಬುಡು."

ನಾನು ಹೇಳಲಿಲ್ಲ. ದಿನಾ ನಾಳೆ ಹೇಳೋಣ ಎಂದುಕೊಂಡೆ.

ಏಪ್ರಿಲ್, ಮಧ್ಯಾಹ್ನ

ಹಿಮ ಕರಗಿ ಬಯಲೆಲ್ಲ ಕೆಸರಾಯಿತು. ಅಕ್ಕ ಕೋಲೂರಿಕೊಂಡು ಬಂದಳು. ಕೆರೆಗೆ ಹೋಗುವ ಮುಂಚೆ ಒಂದು ಮಧ್ಯಾಹ್ನ ಮಲಗಿ ನೋಡುವುದೆಂದು ಅವಳ ಲೆಕ್ಕ. ಹಾಸಿಗೆ ಬಿಚ್ಚಿ ಹಾಸಿದೆ. ಪರದೆ ನೋಡಲು ಅವಳಿಗೆ ಕನ್ನಡಕ ಬೇಕಿತ್ತು, ತಂದಿರಲಿಲ್ಲ. ಮೂಗಿಗೆ ಯಂತ್ರ ಕಟ್ಟಿಕೊಂಡು ಮಲಗಿದಳು. ಯಂತ್ರ ಸುಯ್ ಎಂದು ಊದತೊಡಗಿತು. ಎದುರಿನ ಬೆಂಚಿನಲ್ಲಿ ನಾನು, ಪರೀಕ್ಷೆಯ ದಿನ ಉತ್ತರ ಗೊತ್ತಿದ್ದೂ ಬರೆಯದೆ ಕೂತವನ ಹಾಗೆ, ಪರದೆ ನೋಡುತ್ತಿದ್ದೆ.

ನೂರು. ಅರ್ಧ ಗಂಟೆಯಾದರೂ ನೂರಕ್ಕೆ ಹತ್ತಿರವೇ. ಗ್ಲೆನ್ ಹೇಳಿದ್ದು ಸುಳ್ಳಿರಬಹುದೆಂದು ಆಸೆಯಾಯಿತು. ಒಂದು ಗಂಟೆ ದಾಟಿತು. ತೊಂಬತ್ತಾರು ಎಂದು ತೋರಿಸುತ್ತಿದ್ದಂತೆಯೇ ಪರದೆ ಕಪ್ಪಾಯಿತು. ಯಂತ್ರ ನಿಂತಿತು.

ಅಕ್ಕ ಕಣ್ಣು ಬಿಟ್ಟಳು. ಮೂಗಿನ ಪಟ್ಟಿ ತೆಗೆದು ಎದ್ದು ಕೂತಳು. ಪರದೆ ನೋಡಿದಳು, ಸ್ವಿಚ್ಚು ನೋಡಿದಳು. ಅಂಟುಪಟ್ಟಿ ಇದ್ದ ಜಾಗದಲ್ಲಿ ಒಂದು ಚೌಕ ಗುರುತು ಉಳಿದಿತ್ತು. ಅದರ ಮೇಲೆ ಬೆರಳಾಡಿಸಿದಳು.

"ಅಟ್ಟ ಹತ್ತಿದ್ಯಾ?"

ಐವತ್ತು ವರ್ಷದ ಹಿಂದೆ ಏಣಿಯ ಬುಡದಲ್ಲಿ ಅವ್ವ ಕೇಳುತ್ತಿದ್ದ ಮಾತು. ಅವ್ವನ ಪಕ್ಕದಲ್ಲಿ ಆಗಲೂ ಅಕ್ಕ ನಿಂತಿರುತ್ತಿದ್ದಳು.

"ಹತ್ತಿದೆ," ಎಂದೆ. ಜೇಬಿನಿಂದ ಅಂಟುಪಟ್ಟಿ ತೆಗೆದು ಕೊಟ್ಟೆ.

"ನೋಡ್ಕಂಡು ಬಾ ಅಂದಿದ್ದೆ. ನೋಡ್ಕೋ ಅಂದಿದ್ನೇನೋ?"

ಅವಳು ಅಂಟುಪಟ್ಟಿಯನ್ನು ಅದರ ಜಾಗದಲ್ಲೇ ಒತ್ತಿ ಹಚ್ಚಿದಳು. ಅಂಟು ಹೋಗಿತ್ತು, ಬಿತ್ತು. ಮತ್ತೆ ಒತ್ತಿದಳು, ಮತ್ತೆ ಬಿತ್ತು. ಮೂರನೆಯ ಸಲ ಕೈ ತೆಗೆಯದೆ ಹಾಗೇ ಒತ್ತಿ ಹಿಡಿದುಕೊಂಡು ನಿಂತಳು. ನಾನು ಹೊರಗೆ ಹೋಗಿ ಕೆಸರಿನಲ್ಲಿ ನಿಂತೆ. ಫೋಟೋ ತೆಗೆದದ್ದು ಅಂದು, ಅವಳು ಹೊರಗೆ ಬಂದ ಮೇಲೆ. ಯಾಕೆ ತೆಗೆದೆನೋ ಗೊತ್ತಿಲ್ಲ.

ಹೊಸ ಬ್ಯಾಟರಿ ತರಿಸೋಣ, ನಾಲ್ಕು ದಿನದಲ್ಲಿ ಬರುತ್ತದೆ ಎಂದು ಗ್ಲೆನ್ ಹೇಳಿದ. ಅಕ್ಕ ಅವನಿಗೆ ಇಂಗ್ಲಿಷಿನಲ್ಲಿ ನಯವಾಗಿ ಬೇಡವೆಂದಳು. ನನಗೆ ಕನ್ನಡದಲ್ಲಿ ಹೇಳಿದಳು: "ಅಂಗ್ಡೀಲಿ ಬ್ಯಾಟ್ರಿ ಸಿಕ್ತದೆ. ಆ ಮೂರನೇ ದಿನದ ಬಿಸ್ಲು ಸಿಕ್ತದಾ?"

ಕೆರೆ

ಆದರೂ ಮೇ ತಿಂಗಳಲ್ಲಿ ಹೋದೆವು. ರಾತ್ರಿ ಉಳಿಯುವುದಿಲ್ಲ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು ಎಂದು ಅಕ್ಕ ತೀರ್ಮಾನಿಸಿದ್ದಳು. ಗ್ಲೆನ್ ಟ್ರೇಲರನ್ನು ಸಿಕ್ಕಿಸಿಕೊಟ್ಟ. ಹೊನ್ನವಳ್ಳಿಯಲ್ಲಿ ಸೈಕಲ್ಲೂ ಹತ್ತದ ಅಕ್ಕ ಅಷ್ಟು ದೊಡ್ಡ ಗಾಡಿಯನ್ನು, ಹಿಂದೆ ಒಂದು ಮನೆ ಎಳೆದುಕೊಂಡು, ಮೂರು ಗಂಟೆ ಓಡಿಸಿದಳು.

ಕೆರೆಯ ನಡುವೆ ಇನ್ನೂ ಮಂಜುಗಡ್ಡೆ ಇತ್ತು. ದಡದಲ್ಲಿ ನೀರು ಕಪ್ಪಗಿತ್ತು. ಒಂದು ಹಕ್ಕಿಯೂ ಇಲ್ಲ. ಏರಿ ಇಲ್ಲದ, ತೂಬು ಇಲ್ಲದ, ಬಟ್ಟೆ ಒಗೆಯುವವರಿಲ್ಲದ ಕೆರೆ. ಇದನ್ನು ನೋಡಲು ಭಾವ ಪ್ರತಿ ವರ್ಷ ಯಾಕೆ ಬರುತ್ತಿದ್ದರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆ ದೇಶದಲ್ಲಿ ಮೂರು ತಿಂಗಳಿದ್ದು ನಾನು ಕಲಿತದ್ದು ಅಷ್ಟೇ. ಅದೂ ತಡವಾಗಿ.

ಊಟವಾದ ಮೇಲೆ ಅಕ್ಕ ಒಳಗೆ ಹೋಗಿ ಮಂಚದ ಮೇಲೆ ಕಾಲು ಚಾಚಿದಳು. "ಸ್ವಲ್ಪ ಮಲಗ್ತೀನಿ."

"ಯಂತ್ರ ಇಲ್ವಲ್ಲ ಅಕ್ಕ."

"ನೀನಿದ್ದೀಯಲ್ಲ. ಉಸಿರು ನಿಂತ್ರೆ ಅಲ್ಲಾಡ್ಸು. ಅದು ನಿಂಗೆ ಚೆನ್ನಾಗಿ ಬತ್ತದೆ." ಗೋಡೆಯ ಕಡೆ ತಿರುಗಿ ಕಂಬಳಿ ಎಳೆದುಕೊಂಡಳು. "ಈಗ ನೋಡ್ಕೋ."

ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಕ್ಕನಿಗೆ ನಿದ್ದೆ ಹತ್ತಿತು. ಗೊರಕೆ ಏರಿ, ಏರಿ, ಥಟ್ಟನೆ ನಿಂತಿತು. ಭುಜ ಮುಟ್ಟಿ ಅಲ್ಲಾಡಿಸಿದೆ. ಉಸಿರು ಬಂತು. ಇನ್ನೊಮ್ಮೆ ನಿಂತಿತು, ಅಲ್ಲಾಡಿಸಿದೆ, ಬಂತು. ಕಿಟಕಿಯ ಬಿಸಿಲು ಮಂಚದಿಂದ ಗೋಡೆಗೆ, ಗೋಡೆಯಿಂದ ಆ ಸ್ವಿಚ್ಚಿನವರೆಗೆ ಹೋಯಿತು. ಕಾಲು ಜೋಮು ಹಿಡಿಯಿತು. ಎದ್ದರೆ ಸದ್ದಾದೀತೆಂದು ಏಳಲಿಲ್ಲ. ಅಕ್ಕ ಎದ್ದ ಮೇಲೆ ಅವಳಿಗೆ ಹೇಳಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ. ಅವುಗಳಲ್ಲಿ ಒಂದೂ ಹೇಳುವಂಥದ್ದಾಗಿರಲಿಲ್ಲ.

ಒಂದು ಸಲ ಉಸಿರು ನಿಂತದ್ದು ಉಳಿದ ಸಲಕ್ಕಿಂತ ಹೆಚ್ಚು ಹೊತ್ತಾಯಿತು. ಅಲ್ಲಾಡಿಸಿದೆ. ಇನ್ನೂ ಜೋರಾಗಿ ಅಲ್ಲಾಡಿಸಿದೆ. ಬಾಗಿ, ಅಟ್ಟದ ಮೇಲೆ ಹಿಡಿಯುತ್ತಿದ್ದ ಹಾಗೇ, ಕಿವಿಯನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಉಸಿರು ಬಂತು.

ಒಳಗೆ ಇನ್ನೂ ನೀರಿತ್ತು.